ಬಿಡದಿ ಬಳಿ ‘ಸರಸ್’ ಪತನ: ತಪ್ಪಿದ್ದು ಹವೆಯಲ್ಲ, ವಿಧಾನ

ರಾಮನಗರ: ಸಣ್ಣ ವಿಮಾನವೊಂದು ಹೊಲದಲ್ಲಿ ಬಿದ್ದು ಉರಿಯಿತೆಂಬ ಸುದ್ದಿ ಹರಡಿದೊಡನೆ ಜನರ ಬಾಯಲ್ಲಿ ಎರಡು ಮಾತುಗಳು ಮೊದಲು ಬರುತ್ತವೆ. ಹವೆ ಕೆಟ್ಟಿರಬೇಕು, ಇಲ್ಲವೇ ಎಂಜಿನ್ ಕೈಕೊಟ್ಟಿರಬೇಕು. 2009ರ ಮಾರ್ಚ್ 6ರಂದು ಬಿಡದಿ ಸಮೀಪದ ಶೇಷಗಿರಿಹಳ್ಳಿಯಲ್ಲಿ ‘ಸರಸ್’ ವಿಮಾನ ನೆಲಕ್ಕಪ್ಪಳಿಸಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ಬಲಿ ತೆಗೆದುಕೊಂಡ ಘಟನೆಗೆ ಈ ಎರಡು ಮಾತುಗಳಲ್ಲಿ ಯಾವುದೂ ಹೊಂದುವುದಿಲ್ಲ. ಅಂದು ವಿಮಾನವನ್ನು ಕೆಡವಿದ್ದು ಮೋಡವೂ ಅಲ್ಲ, ಬಿರುಗಾಳಿಯೂ ಅಲ್ಲ. ಎಂಜಿನ್ ತಾನಾಗಿ ನಿಲ್ಲಲೂ ಇಲ್ಲ. ಅದನ್ನು ಬೇಕೆಂದೇ ನಿಲ್ಲಿಸಲಾಗಿತ್ತು. ಹಾಗಾದರೆ ವಿಮಾನ ಬಿದ್ದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ತನಿಖೆ ಆಕಾಶದಿಂದ ಇಳಿದು, ಕೊನೆಗೆ ಕಚೇರಿಯ ಮೇಜಿನ ಮೇಲಿದ್ದ ಕಾಗದವೊಂದರ ಬಳಿ ಬಂದು ನಿಂತಿತು.

ಆ ಶುಕ್ರವಾರ

ಅದು ಶುಕ್ರವಾರ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಸ್ಥಳಾಂತರಗೊಂಡು ವರ್ಷವೂ ತುಂಬಿರಲಿಲ್ಲ. ಆದರೆ ಪರೀಕ್ಷಾರ್ಥ ಹಾರಾಟಗಳಿಗೆ ಹಳೆಯ ನಿಲ್ದಾಣವೇ ತವರು. ಮಧ್ಯಾಹ್ನ ಮೂರು ಗಂಟೆಗೆ ಕೆಲವೇ ನಿಮಿಷಗಳಿರುವಾಗ ‘ಸರಸ್’ನ ಎರಡನೆಯ ಮಾದರಿ ಅಲ್ಲಿಂದ ಮೇಲೇರಿತು. ವಿಮಾನದಲ್ಲಿದ್ದವರು ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಹಾಗೂ ಪರೀಕ್ಷಾ ಎಂಜಿನಿಯರ್ ಆಗಿದ್ದ ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೂವರೂ ವಾಯುಪಡೆಯ ಬೆಂಗಳೂರಿನ ವಿಮಾನ ಪರೀಕ್ಷಾ ಸಂಸ್ಥೆಗೆ ಸೇರಿದವರು. ಹೊಸ ವಿಮಾನವೊಂದು ಸಾಮಾನ್ಯ ಪೈಲಟ್‌ನ ಕೈಸೇರುವ ಮೊದಲು ಅದರ ಗುಣದೋಷಗಳನ್ನು ತಮ್ಮ ಮೈಮೇಲೆ ಎಳೆದುಕೊಂಡು ಅರಿಯುವ ವೃತ್ತಿ ಇವರದು.

ಆರಂಭದ ಪರೀಕ್ಷೆಗಳನ್ನು ಮುಗಿಸಿ ವಿಮಾನ ನಗರದ ನೈಋತ್ಯ ದಿಕ್ಕಿಗೆ ತಿರುಗಿತು. ಸಮುದ್ರಮಟ್ಟದಿಂದ 9,000 ಅಡಿ ಎತ್ತರದಲ್ಲಿ ಎಡ ಎಂಜಿನನ್ನು ಆರಿಸಿ, ಹಾರುತ್ತಿರುವಾಗಲೇ ಮತ್ತೆ ಹೊತ್ತಿಸುವುದು ಅಂದಿನ ಮುಖ್ಯ ಪರೀಕ್ಷೆಯಾಗಿತ್ತು. ಎಂಜಿನನ್ನು ಆರಿಸುವ ಕೆಲಸ ಸರಿಯಾಗಿಯೇ ನಡೆಯಿತು. ಮರಳಿ ಹೊತ್ತಿಸುವ ಮೊದಲ ಯತ್ನ ವಿಫಲವಾಯಿತು. ಮತ್ತೆ ಯತ್ನ ಮುಂದುವರಿಯುತ್ತಿದ್ದಾಗ ವಿಮಾನ ವೇಗವಾಗಿ ಎತ್ತರ ಕಳೆದುಕೊಳ್ಳತೊಡಗಿತು. ವಿಮಾನ ಹತೋಟಿ ಮೀರಿತೆಂದು ಪೈಲಟ್ ಹೇಳಿದ ಮಾತು ಕಾಕ್‌ಪಿಟ್‌ನ ಧ್ವನಿಮುದ್ರಣದ ಕೊನೆಯ ಭಾಗದಲ್ಲಿ ಉಳಿದಿತ್ತು. ಮೂರೂವರೆಯ ಸುಮಾರಿಗೆ, ಬೆಂಗಳೂರು-ಮೈಸೂರು ಹೆದ್ದಾರಿಗೆ ಹೊಂದಿಕೊಂಡಿರುವ ವಂಡರ್‌ಲಾ ಉದ್ಯಾನದ ಸಮೀಪ, ಶೇಷಗಿರಿಹಳ್ಳಿಯ ಬಯಲಿನಲ್ಲಿ ಅದು ಬಿದ್ದು ಹೊತ್ತಿಕೊಂಡಿತು. ಮೂವರೂ ಸ್ಥಳದಲ್ಲಿಯೇ ಅಸುನೀಗಿದರು.

ಒಂದು ಕಡೆ ಕಾರು ಕಾರ್ಖಾನೆಯಿಂದ ತುಂಬಿದ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಸಾವಿರಾರು ಜನ ಸೇರುವ ಮನರಂಜನಾ ಉದ್ಯಾನ, ನಡುವೆ ಸದಾ ವಾಹನಗಳಿರುವ ಹೆದ್ದಾರಿ. ಇಂತಹ ಕಡೆ ನೆಲದ ಮೇಲಿದ್ದ ಯಾರಿಗೂ ಪ್ರಾಣಾಪಾಯ ಆಗದೆ ಹೋದದ್ದು ದೊಡ್ಡ ಸಮಾಧಾನ.

ಹವೆ ಕೆಡವುವ ಬಗೆ

ಹವೆಯ ಮೇಲೆ ಸಂಶಯ ಹುಟ್ಟುವುದು ಅಸಹಜವೇನಲ್ಲ. ಸಣ್ಣ ವಿಮಾನಕ್ಕೆ ಹವೆ ನಿಜವಾದ ಶತ್ರು. ದೊಡ್ಡ ಜೆಟ್ ವಿಮಾನ 35,000 ಅಡಿಯ ಆಚೆ, ಬಹುಪಾಲು ಮೋಡಗಳ ತಲೆಯ ಮೇಲೆ ಹಾರುತ್ತದೆ. ಸಣ್ಣ ವಿಮಾನಕ್ಕೆ ಆ ಅನುಕೂಲವಿಲ್ಲ. ಅದು ಮೋಡಗಳಿರುವ ಎತ್ತರದಲ್ಲಿಯೇ ಸಾಗಬೇಕು. ಅದರ ತೂಕ ಕಡಿಮೆ, ವೇಗ ಕಡಿಮೆ. ಹಾಗಾಗಿ ಗಾಳಿಯ ಒಂದು ಹೊಡೆತಕ್ಕೆ ಅದು ಕಳೆದುಕೊಳ್ಳುವ ಪಾಲು ಹೆಚ್ಚು.

ಹಳೆಯ ಮೈಸೂರು ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಎದ್ದೇಳುವ ಗುಡುಗು ಮೋಡಗಳನ್ನೇ ನೋಡಬಹುದು. ಕೆಳಗಿನಿಂದ ಕಂಡರೆ ಒಂದು ಕರಿಯ ಗೋಡೆ. ಅದರ ಒಳಗೆ ಬಿಸಿ ಗಾಳಿ ಮೇಲಕ್ಕೆ ನುಗ್ಗುತ್ತಿರುತ್ತದೆ, ಪಕ್ಕದಲ್ಲಿಯೇ ಮಳೆಯಿಂದ ತಣಿದ ಭಾರದ ಗಾಳಿ ಕೆಳಕ್ಕೆ ಧುಮುಕುತ್ತಿರುತ್ತದೆ. ಕೆಳಮುಖದ ಈ ಗಾಳಿಗೆ ಸಿಕ್ಕ ವಿಮಾನ ಪೂರ್ಣ ಶಕ್ತಿಯಿಂದ ಏರಲು ಯತ್ನಿಸಿದರೂ ನೆಲದ ಲೆಕ್ಕದಲ್ಲಿ ಇಳಿಯುತ್ತಲೇ ಇರುತ್ತದೆ, ಎದುರು ಪ್ರವಾಹದಲ್ಲಿ ಈಜುವವನು ಕೈಕಾಲು ಬಡಿಯುತ್ತಲೇ ಹಿಂದಕ್ಕೆ ಹೋಗುವ ಹಾಗೆ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಮೋಡದೊಳಗೆ ಹೊಕ್ಕ ಪೈಲಟ್‌ಗೆ ದಿಗಂತ ಕಾಣುವುದಿಲ್ಲ. ಆಗ ಒಳಕಿವಿಯ ದ್ರವದ ಚಲನೆಯಿಂದ ದೇಹ ತನ್ನ ನಿಲುವನ್ನು ಊಹಿಸಿಕೊಳ್ಳುತ್ತದೆ. ನಿಧಾನವಾದ, ಒಂದೇ ಸಮನಾದ ತಿರುವಿನಲ್ಲಿ ಆ ದ್ರವ ಸ್ವಲ್ಪ ಹೊತ್ತಿಗೆ ನಿಶ್ಚಲವಾಗುವುದರಿಂದ ವಿಮಾನ ವಾಲಿ ತಿರುಗುತ್ತಿದ್ದರೂ ನೇರವಾಗಿ ಹೋಗುತ್ತಿರುವಂತೆ ತೋರುತ್ತದೆ. ಅದನ್ನು ನಂಬಿದ ಪೈಲಟ್ ಮಾಡುವ ಪ್ರತಿಯೊಂದು ತಿದ್ದುಪಡಿಯೂ ತಪ್ಪನ್ನು ಹೆಚ್ಚಿಸುತ್ತದೆ. ಉಪಕರಣಗಳನ್ನು ಮಾತ್ರ ನಂಬಬೇಕು, ಮೈಯ ಅನಿಸಿಕೆಯನ್ನಲ್ಲ ಎಂಬುದು ತರಬೇತಿಯ ಮೊದಲ ಪಾಠಗಳಲ್ಲಿ ಒಂದು. ಪಾಠ ಸರಳ, ಪಾಲನೆ ಕಠಿಣ. ಮೋಡದಿಂದ ತಪ್ಪಿಸಿಕೊಳ್ಳಲು ತಗ್ಗಿನಲ್ಲಿ ಹಾರಿದರೂ ಕಷ್ಟ ತಪ್ಪುವುದಿಲ್ಲ. ಮಾಗಡಿಯ ಸಾವನದುರ್ಗದಂತಹ ಏಕಶಿಲೆಯ ಬೆಟ್ಟ ಸಮುದ್ರಮಟ್ಟದಿಂದ 4,000 ಅಡಿಗೂ ಮೇಲೆ ತಲೆ ಎತ್ತಿದೆ. ಮಂಜು ಮುಚ್ಚಿದ ದಿನ ಅದು ಕಣ್ಣಿಗೆ ಬೀಳುವ ಹೊತ್ತಿಗೆ ತಿರುಗಲು ಸಮಯ ಉಳಿದಿರುವುದಿಲ್ಲ.

ಕೇಂದ್ರದ ಮಾಜಿ ಸಚಿವ ಮಾಧವರಾವ್ ಸಿಂಧಿಯಾ ಅವರು ದೆಹಲಿಯಿಂದ ಕಾನ್ಪುರಕ್ಕೆ ಹೊರಟಿದ್ದ ಸಣ್ಣ ವಿಮಾನ 2001ರ ಸೆಪ್ಟೆಂಬರ್ 30ರಂದು ಉತ್ತರ ಪ್ರದೇಶದ ಮೈನ್‌ಪುರಿ ಬಳಿ ಪತನವಾದದ್ದು ಕೆಟ್ಟ ಹವೆಯಲ್ಲಿ. ಶೇಷಗಿರಿಹಳ್ಳಿಯ ಘಟನೆ ನಡೆದು ಆರು ತಿಂಗಳು ಕಳೆಯುವಷ್ಟರಲ್ಲಿ, 2009ರ ಸೆಪ್ಟೆಂಬರ್ 2ರಂದು ಆಂಧ್ರ ಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಹೆಲಿಕಾಪ್ಟರ್ ನಲ್ಲಮಲ ಅರಣ್ಯದಲ್ಲಿ ಬಿದ್ದು ಐವರು ಮಡಿದರು. ಅಲ್ಲಿಯೂ ಗುಡುಗು ಮೋಡ, ಕೆಳಕ್ಕೆ ನುಗ್ಗುವ ಗಾಳಿ ಇದ್ದವು. ಆದರೆ ತನಿಖಾ ಸಮಿತಿ ಅಷ್ಟಕ್ಕೇ ನಿಲ್ಲಲಿಲ್ಲ. ಗೇರ್‌ಪೆಟ್ಟಿಗೆಯ ಎಣ್ಣೆಯ ಒತ್ತಡ ಕುಸಿದಿದೆಯೆಂಬ ಸೂಚನೆ ಬಂದಾಗ ಪೈಲಟ್‌ಗಳು ಕೈಪಿಡಿಯಲ್ಲಿ ಪರಿಹಾರ ಹುಡುಕುವುದರಲ್ಲಿ ಆರು ನಿಮಿಷಕ್ಕೂ ಹೆಚ್ಚು ಕಾಲ ಮುಳುಗಿದ್ದರು, ಆ ಹೊತ್ತಿನಲ್ಲಿ ಎದುರಿನ ಹವೆಯ ಕಡೆ ಅವರ ಗಮನ ಹರಿಯಲಿಲ್ಲ ಎಂಬುದನ್ನು ಅದು ಎತ್ತಿ ತೋರಿಸಿತು. ಹವೆ ಕೆಡವಿದ ಅಪಘಾತದಲ್ಲಿಯೂ ಹವೆಯೇ ಇಡೀ ಕಥೆಯಲ್ಲ.

ಬಿಡದಿಯ ಪ್ರಕರಣದಲ್ಲಿ ಹವೆಗೆ ಅಷ್ಟು ಪಾಲೂ ಇಲ್ಲ. ಮಾರ್ಚ್ ಮೊದಲ ವಾರ ಇಲ್ಲಿ ಇನ್ನೂ ಒಣಹವೆಯ ಕಾಲ. ತನಿಖೆ ಪಟ್ಟಿ ಮಾಡಿದ ಕಾರಣಗಳಲ್ಲಿ ಹವೆಯ ಹೆಸರಿಲ್ಲ. ಎಂಜಿನ್ ಆರಿಸಿ ನೋಡುವಂತಹ ಪರೀಕ್ಷೆಗೆ ಕೆಟ್ಟ ಹವೆಯ ದಿನವನ್ನು ಯಾರೂ ಆರಿಸಿಕೊಳ್ಳುವುದೂ ಇಲ್ಲ.

ಸಾರಸದ ಹೆಸರಿನ ವಿಮಾನ

ವಿಮಾನದ ಹಿನ್ನೆಲೆಯನ್ನು ಇಲ್ಲಿ ಹೇಳಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಎನ್‌ಎಎಲ್ ಎಂದೇ ಪರಿಚಿತವಾದ ಸಂಸ್ಥೆ, ಹದಿನಾಲ್ಕು ಆಸನಗಳ ಲಘು ಸಾರಿಗೆ ವಿಮಾನವೊಂದನ್ನು ದೇಶದಲ್ಲಿಯೇ ರೂಪಿಸಲು ಹೊರಟಿತು. ಸಾರಸ ಪಕ್ಷಿಯ ಹೆಸರನ್ನು ಅದಕ್ಕೆ ಇಡಲಾಯಿತು. ಸಣ್ಣ ಊರುಗಳ ನಡುವಿನ ಸಂಚಾರ, ರೋಗಿಗಳ ಸಾಗಣೆ, ಸೇನೆಯ ಕೆಲಸ ಎಲ್ಲಕ್ಕೂ ಒದಗಬಲ್ಲ ವಿಮಾನವೆಂಬ ಕಲ್ಪನೆ ಅದು. 1990ರ ದಶಕದ ಆರಂಭದಲ್ಲಿ ರಷ್ಯಾದ ವಿನ್ಯಾಸ ಸಂಸ್ಥೆಯೊಂದು ಜೊತೆಗಿತ್ತು. ಹಣದ ಅಡಚಣೆಯಿಂದ ಅದು ಹಿಂದೆ ಸರಿಯಿತು. 1998ರ ಅಣುಪರೀಕ್ಷೆಯ ನಂತರದ ನಿರ್ಬಂಧಗಳು ಎಂಜಿನ್ ಮತ್ತು ಬಿಡಿಭಾಗಗಳ ಆಮದಿಗೆ ಅಡ್ಡಿಯಾದವು. ಎಲ್ಲ ದಾಟಿ ಮೊದಲ ಮಾದರಿ 2004ರ ಮೇ 29ರಂದು ಹಾರಿತು. ತೂಕ ನಿರೀಕ್ಷೆಗಿಂತ ಬಹಳ ಹೆಚ್ಚಾಗಿತ್ತು. ಹೆಚ್ಚು ಶಕ್ತಿಯ ಎಂಜಿನ್‌ಗಳನ್ನು ಅಳವಡಿಸಿದ ಎರಡನೆಯ ಮಾದರಿ 2007ರ ಏಪ್ರಿಲ್ 18ರಂದು ಗಗನಕ್ಕೇರಿತು. ಶೇಷಗಿರಿಹಳ್ಳಿಯಲ್ಲಿ ಬಿದ್ದದ್ದು ಇದೇ.

‘ಸರಸ್’ನ ರೂಪದಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಎರಡು ಎಂಜಿನ್‌ಗಳ ಸಣ್ಣ ವಿಮಾನದಲ್ಲಿ ಎಂಜಿನ್‌ಗಳು ರೆಕ್ಕೆಯ ಮೇಲಿದ್ದು, ಪ್ರೊಪೆಲ್ಲರ್ ಮುಂದೆ ಇದ್ದು ವಿಮಾನವನ್ನು ಎಳೆಯುತ್ತದೆ. ಇದರಲ್ಲಿ ಎಂಜಿನ್‌ಗಳು ಒಡಲಿನ ಹಿಂಭಾಗದ ಎರಡು ಪಕ್ಕಗಳಲ್ಲಿವೆ. ಪ್ರೊಪೆಲ್ಲರ್ ಹಿಂದಿನಿಂದ ತಳ್ಳುತ್ತದೆ. ಪ್ರಯಾಣಿಕರ ಕೋಣೆಯಿಂದ ಸದ್ದು ದೂರವಾಗುತ್ತದೆ. ಎಂಜಿನ್‌ಗಳು ನಡುರೇಖೆಗೆ ಹತ್ತಿರ ಇರುವುದರಿಂದ ಒಂದು ನಿಂತಾಗ ವಿಮಾನವನ್ನು ಪಕ್ಕಕ್ಕೆ ತಿರುಗಿಸುವ ಬಲವೂ ಕಡಿಮೆಯಾಗುತ್ತದೆ. ಆದರೆ ಪ್ರೊಪೆಲ್ಲರ್‌ಗಳು ಬಾಲಕ್ಕೆ ಸಮೀಪವಾಗುವುದರಿಂದ ಅಲ್ಲಿ ಗಾಳಿ ಕದಡಿದರೆ ಬಾಲದ ಕೆಲಸದ ಮೇಲೂ ಪರಿಣಾಮ ಉಂಟಾಗಬಹುದೆಂಬ ಎಚ್ಚರ ವಿನ್ಯಾಸಕರಿಗೆ ಇರಬೇಕಾಗುತ್ತದೆ.

ಚಾಲೂ ಇರುವ ಎಂಜಿನ್ ಆರಿಸುವುದೇಕೆ?

ನೆಲದ ಮೇಲಿರುವವರಿಗೆ ಇದು ಹುಚ್ಚು ಸಾಹಸವೆಂದು ತೋರಬಹುದು. ಎರಡು ಎಂಜಿನ್‌ಗಳ ವಿಮಾನಕ್ಕೆ ಯೋಗ್ಯತಾಪತ್ರ ಸಿಗಬೇಕಾದರೆ ಹಾರಾಟದಲ್ಲಿ ನಿಂತ ಎಂಜಿನನ್ನು ಮತ್ತೆ ಚಾಲನೆ ಮಾಡಬಹುದೆಂಬುದು, ಯಾವ ಎತ್ತರ-ವೇಗಗಳಲ್ಲಿ ಅದು ಸಾಧ್ಯವೆಂಬುದು ರುಜುವಾತಾಗಬೇಕು. ಮುಂದೊಂದು ದಿನ ಮಳೆಯ ರಾತ್ರಿಯಲ್ಲಿ ಪ್ರಯಾಣಿಕರನ್ನು ಹೊತ್ತ ವಿಮಾನದ ಎಂಜಿನ್ ನಿಜವಾಗಿಯೇ ನಿಂತರೆ ಪೈಲಟ್ ಕೈಪಿಡಿ ತೆರೆಯುತ್ತಾನೆ. ಅಲ್ಲಿ ಬರೆದಿರುವ ಪ್ರತಿ ಸಾಲನ್ನೂ ಯಾರೋ ಒಬ್ಬರು ಮೊದಲೇ ಆಕಾಶದಲ್ಲಿ ಮಾಡಿ ನೋಡಿರಬೇಕು. ಪರೀಕ್ಷಾ ಪೈಲಟ್‌ಗಳ ಕೆಲಸ ಅದು.

ಆರಿಸಿದ ಎಂಜಿನ್‌ನ ಪ್ರೊಪೆಲ್ಲರ್ ಏನಾಗುತ್ತದೆ ಎಂಬಲ್ಲಿ ವಿಷಯದ ತಿರುಳಿದೆ. ಇಂತಹ ಪ್ರೊಪೆಲ್ಲರ್‌ನ ಅಲಗುಗಳು ತಮ್ಮ ಬುಡದಲ್ಲಿ ಹೊರಳಬಲ್ಲವು. ಎಂಜಿನ್ ನಿಂತಾಗ ಅಲಗುಗಳನ್ನು ಅವುಗಳ ಅಂಚು ಗಾಳಿಗೆ ಎದುರಾಗುವಂತೆ ಹೊರಳಿಸಿಡಲಾಗುತ್ತದೆ. ವೈಮಾನಿಕರ ಮಾತಿನಲ್ಲಿ ಇದಕ್ಕೆ ಫೆದರ್ ಮಾಡುವುದೆಂದು ಹೆಸರು. ಬೀಸುಗಾಳಿಯಲ್ಲಿ ಮೊರವನ್ನು ಅಂಚು ಮುಂದಾಗಿ ಹಿಡಿದರೆ ಕೈಗೆ ಭಾರವಾಗುವುದಿಲ್ಲ, ಅಗಲವಾಗಿ ಹಿಡಿದರೆ ಕೈಯನ್ನೇ ಹಿಂದಕ್ಕೆ ತಳ್ಳುತ್ತದೆ. ಫೆದರ್ ಸ್ಥಿತಿಯಲ್ಲಿರುವ ಪ್ರೊಪೆಲ್ಲರ್ ಅಂಚು ಮುಂದಾಗಿ ಹಿಡಿದ ಮೊರ. ಅದು ತಿರುಗುವುದಿಲ್ಲ, ತಡೆಯೂ ಅತ್ಯಲ್ಪ. ಇನ್ನೊಂದು ಎಂಜಿನ್‌ನ ಬಲದಿಂದ ವಿಮಾನ ಸಾಗುತ್ತದೆ.

ಎಂಜಿನ್‌ಗೆ ಶಕ್ತಿ ಮರಳುವ ಮೊದಲೇ ಅಲಗುಗಳು ಆ ಸ್ಥಿತಿಯಿಂದ ಹೊರಬಂದು ಗಾಳಿಗೆ ಅಗಲವಾಗಿ ನಿಂತರೆ ಚಿತ್ರವೇ ಬದಲಾಗುತ್ತದೆ. ಎದುರಿನ ಗಾಳಿ ಪ್ರೊಪೆಲ್ಲರನ್ನು ಗಾಳಿಗಿರಣಿಯಂತೆ ತಿರುಗಿಸತೊಡಗುತ್ತದೆ. ಹಾಗೆ ತಿರುಗಿಸಲು ಬೇಕಾದ ಶಕ್ತಿ ವಿಮಾನದ ವೇಗದಿಂದಲೇ ಬರಬೇಕು. ದೂಡಬೇಕಾದ ಯಂತ್ರ ಹಿಂದಕ್ಕೆಳೆಯುವ ಲಂಗರಾಗುತ್ತದೆ. ನೋಡುವವರಿಗೆ ಪ್ರೊಪೆಲ್ಲರ್ ತಿರುಗುತ್ತಿರುವುದು ಒಳ್ಳೆಯ ಸೂಚನೆಯಂತೆ ಕಾಣಬಹುದು. ವಾಸ್ತವದಲ್ಲಿ ಒಂದು ಬದಿಯಲ್ಲಿ ದೊಡ್ಡ ಬಿಲ್ಲೆಯೊಂದನ್ನು ಗಾಳಿಗೆ ಅಡ್ಡ ಹಿಡಿದಂತೆಯೇ ಅದು.

ಹಳೆಯ ಪಿಸ್ಟನ್ ಎಂಜಿನ್‌ಗಳಲ್ಲಿ ಈ ತಿರುಗಾಟಕ್ಕೆ ಒಂದು ಉಪಯೋಗವಿತ್ತು. ಪ್ರೊಪೆಲ್ಲರ್ ತಿರುಗಿದರೆ ಎಂಜಿನ್‌ನ ದಂಡವೂ ತಿರುಗುತ್ತದೆ, ಇಳಿಜಾರಿನಲ್ಲಿ ಗೇರ್‌ಗೆ ಹಾಕಿದ ವಾಹನ ಚಾಲೂ ಆಗುವಂತೆ ಎಂಜಿನ್ ಹೊತ್ತಿಕೊಳ್ಳುತ್ತದೆ. ‘ಸರಸ್’ನಲ್ಲಿದ್ದದ್ದು ಕೆನಡಾ ಮೂಲದ ಪಿಟಿ6 ವರ್ಗದ ಟರ್ಬೊಪ್ರಾಪ್. ಇದರಲ್ಲಿ ಗಾಳಿಯನ್ನು ಒತ್ತಿ ಇಂಧನ ಉರಿಸುವ ಭಾಗವೇ ಬೇರೆ, ಪ್ರೊಪೆಲ್ಲರನ್ನು ತಿರುಗಿಸುವ ಟರ್ಬೈನೇ ಬೇರೆ; ಎರಡಕ್ಕೂ ನಡುವೆ ಬಿಸಿ ಅನಿಲದ ಹರಿವಿನ ಸಂಬಂಧವಲ್ಲದೆ ದಂಡದ ಸಂಬಂಧವಿಲ್ಲ. ಹೊರಗಿನ ಗಾಳಿಗೆ ಪ್ರೊಪೆಲ್ಲರ್ ಎಷ್ಟು ಸುತ್ತಿದರೂ ಒಳಗಿನ ಉರಿಯುವ ಭಾಗ ಅದರಿಂದ ಎಚ್ಚೆತ್ತುಕೊಳ್ಳುವುದಿಲ್ಲ. ಇಂತಹ ಎಂಜಿನ್‌ನಲ್ಲಿ ಪ್ರೊಪೆಲ್ಲರ್ ಯಾವ ಗಳಿಗೆಯಲ್ಲಿ ಯಾವ ಕೋನದಲ್ಲಿರಬೇಕು, ಯಾವ ಸನ್ನೆಗೋಲು ಎಲ್ಲಿರಬೇಕು ಎಂಬುದು ಪ್ರೊಪೆಲ್ಲರ್ ತಯಾರಿಸಿದವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ತನಿಖೆ ಹೇಳಿದ್ದು

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಡೆಸಿದ ತನಿಖೆಯ ನಿರ್ಣಯ ನಿಷ್ಠುರವಾಗಿತ್ತು. ವಿನ್ಯಾಸಕರು ರೂಪಿಸಿದ ಮರುಚಾಲನೆಯ ವಿಧಾನವೇ ತಪ್ಪಾಗಿತ್ತು. ಆ ವಿಧಾನವನ್ನು ಸಾಕಷ್ಟಿಲ್ಲದ ಎತ್ತರದಲ್ಲಿ ಅನುಸರಿಸಿದ್ದರಿಂದ ವಿಮಾನ ವೇಗವಾಗಿ ಎತ್ತರ ಕಳೆದುಕೊಂಡು, ಅಸಹಜವಾಗಿ ವರ್ತಿಸಿ ಅಪಘಾತಕ್ಕೀಡಾಯಿತು. ಇದಕ್ಕೆ ನೆರವಾದ ಅಂಶಗಳನ್ನೂ ವರದಿ ಹೆಸರಿಸಿತು. ಕಾಕ್‌ಪಿಟ್‌ನೊಳಗಿನ ಪರಸ್ಪರ ಹೊಂದಾಣಿಕೆ ಮತ್ತು ಕ್ರಮಗಳ ಕೊರತೆ, ನಿಯಂತ್ರಣಗಳನ್ನು ನಿರ್ವಹಿಸಿದ ರೀತಿ ಅವುಗಳಲ್ಲಿ ಸೇರಿದ್ದವು. ಮೊದಲ ಮರುಚಾಲನೆ ವಿಫಲವಾದ ಮೇಲೆ ನೆಲದಲ್ಲಿದ್ದ ಪರೀಕ್ಷಾ ನಿರ್ದೇಶಕರೊಡನೆ ಸಮಾಲೋಚಿಸಿ ಹಾರಾಟವನ್ನು ಅಲ್ಲಿಗೇ ನಿಲ್ಲಿಸದಿದ್ದುದು ಇನ್ನೊಂದು. ಪ್ರೊಪೆಲ್ಲರ್ ತಯಾರಕರನ್ನು ಕೇಳದೆಯೇ ಎನ್‌ಎಎಲ್ ಮರುಚಾಲನೆಯ ವಿಧಾನವನ್ನು ಸಿದ್ಧಪಡಿಸಿದ್ದು ಮತ್ತೊಂದು.

ಇವುಗಳಲ್ಲಿ ಕೊನೆಯದು ಪತ್ರಿಕೆಗಳಲ್ಲಿ ಕಡಿಮೆ ಜಾಗ ಪಡೆಯಿತಾದರೂ ಭಾರದಲ್ಲಿ ಕಡಿಮೆಯದಲ್ಲ. ಉಳಿದ ಮೂರೂ ಆಕಾಶದಲ್ಲಿ, ನಿಮಿಷಗಳ ಒತ್ತಡದಲ್ಲಿ ನಡೆದವು. ತಯಾರಕರಿಗೆ ಪತ್ರ ಬರೆದು ಕೇಳಲು ಅಂತಹ ಆತುರವೇನೂ ಇರಲಿಲ್ಲ. ಪೈಲಟ್‌ಗಳ ತಪ್ಪು ಎಂಬ ಎರಡು ಪದಗಳಲ್ಲಿ ಅಪಘಾತಗಳನ್ನು ಮುಗಿಸಿಬಿಡುವ ರೂಢಿ ಎಲ್ಲೆಡೆ ಇದೆ. ತಮ್ಮ ಪರ ಮಾತನಾಡಲು ಸತ್ತವರು ಬರುವುದಿಲ್ಲವಾದ್ದರಿಂದ ಅದು ಸುಲಭವೂ ಹೌದು. ಈ ವರದಿ ಹಾಗೆ ಮಾಡದೆ ಮುಖ್ಯ ಕಾರಣದ ಸ್ಥಾನದಲ್ಲಿ ವಿಧಾನವನ್ನೇ ಇರಿಸಿತೆಂಬುದು ಗಮನಾರ್ಹ.

ಒಂಬತ್ತು ಸಾವಿರ ಅಡಿ ಎಂದರೆ ಎಷ್ಟು?

ಸಾಕಷ್ಟಿಲ್ಲದ ಎತ್ತರ ಎಂಬ ಮಾತು ಓದುಗರಿಗೆ ವಿಚಿತ್ರವೆನಿಸಬಹುದು. 9,000 ಅಡಿ ಕಡಿಮೆಯೇ? ಆ ಅಂಕಿ ಸಮುದ್ರಮಟ್ಟದಿಂದ ಅಳೆದದ್ದು ಎಂಬುದನ್ನು ಮರೆಯಬಾರದು. ಬಿಡದಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು ಎರಡೂವರೆ ಸಾವಿರ ಅಡಿ ಮೇಲಿದೆ. ವಿಮಾನಕ್ಕೂ ಹೊಲಕ್ಕೂ ನಡುವೆ ಇದ್ದದ್ದು ಆರೂವರೆ ಸಾವಿರ ಅಡಿಯ ಆಸುಪಾಸು ಮಾತ್ರ. ಹತೋಟಿ ತಪ್ಪಿದ ವಿಮಾನ ನಿಮಿಷಕ್ಕೆ 6,000 ಅಡಿಯಂತೆ ಇಳಿಯುತ್ತದೆಂದು ಇಟ್ಟುಕೊಂಡರೂ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಸಿಗುತ್ತದೆ. ಆ ಒಂದು ನಿಮಿಷದಲ್ಲಿ ಪೈಲಟ್ ಮೊದಲು ಏನಾಗುತ್ತಿದೆಯೆಂದು ಗ್ರಹಿಸಬೇಕು. ಮರುಚಾಲನೆಯ ಯತ್ನವನ್ನು ಕೈಬಿಡಬೇಕು. ಪ್ರೊಪೆಲ್ಲರನ್ನು ಮತ್ತೆ ಫೆದರ್ ಸ್ಥಿತಿಗೆ ಒಯ್ಯಬೇಕು. ಮೂಗು ತಗ್ಗಿಸಿ ವೇಗ ಗಳಿಸಬೇಕು. ಅನಂತರ ನಿಧಾನವಾಗಿ ಮೇಲೆತ್ತಬೇಕು. ಮೂಗು ತಗ್ಗಿಸುವುದೆಂದರೆ ಉಳಿದಿರುವ ಎತ್ತರವನ್ನೇ ಖರ್ಚು ಮಾಡುವುದು.

ಒಂದು ಬದಿಗೆ ಎಳೆತ ಹೆಚ್ಚಾದಾಗ ವಿಮಾನ ಆ ಬದಿಗೆ ತಿರುಗುತ್ತದೆ. ಪೈಲಟ್ ಬಾಲದ ನಿಂತ ರೆಕ್ಕೆಯಲ್ಲಿರುವ ರಡರ್ ಫಲಕವನ್ನು ಎದುರು ಬದಿಗೆ ಒತ್ತಿ ತಡೆಯುತ್ತಾನೆ. ರಡರ್‌ಗೆ ಬಲ ಬರುವುದು ಅದರ ಮೇಲೆ ಹರಿಯುವ ಗಾಳಿಯಿಂದ, ಅಂದರೆ ವೇಗದಿಂದ. ವೇಗ ಕುಸಿದಷ್ಟೂ ರಡರ್ ದುರ್ಬಲ. ಆದ್ದರಿಂದ ಒಂದೇ ಎಂಜಿನ್‌ನಲ್ಲಿ ಹಾರುವ ಪ್ರತಿ ವಿಮಾನಕ್ಕೂ ಹತೋಟಿ ಉಳಿಯುವ ಒಂದು ಕನಿಷ್ಠ ವೇಗವಿದೆ. ಅದಕ್ಕಿಂತ ಕೆಳಗಿಳಿದರೆ ಚಾಲೂ ಇರುವ ಎಂಜಿನ್‌ಗೆ ಹೆಚ್ಚು ಶಕ್ತಿ ಕೊಡುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಆ ಬದಿಯ ನೂಕು ಹೆಚ್ಚಿದಷ್ಟೂ ವಿಮಾನ ಸತ್ತ ಎಂಜಿನ್‌ನ ಕಡೆಗೆ ತಿರುಗಿ, ಆ ಬದಿಯ ರೆಕ್ಕೆ ತಗ್ಗಿ ಹೊರಳಲು ಹೊರಡುತ್ತದೆ. ಎಳೆತ ಹೆಚ್ಚಿ ವೇಗ ಕುಂದುವುದು, ವೇಗ ಕುಂದಿ ಹತೋಟಿ ಕರಗುವುದು ಇವು ಒಂದರ ಹಿಂದೊಂದು ಬರುವ ಮೆಟ್ಟಿಲುಗಳು. ಮೇಲಿನ ಮೆಟ್ಟಿಲಲ್ಲಿ ನಿಲ್ಲುವುದು ಸುಲಭ, ಕೆಳಗಿಳಿದಂತೆ ಕಷ್ಟ. ಮೊದಲ ಯತ್ನ ವಿಫಲವಾದೊಡನೆ ಹಾರಾಟ ನಿಲ್ಲಿಸಬೇಕಿತ್ತು ಎಂಬ ತನಿಖೆಯ ಮಾತಿಗೆ ಅರ್ಥ ಬರುವುದು ಇಲ್ಲಿ. ಆ ಗಳಿಗೆಯಲ್ಲಿ ಬಲ ಎಂಜಿನ್ ಚಾಲೂ ಇತ್ತು. ಎಡ ಪ್ರೊಪೆಲ್ಲರನ್ನು ಫೆದರ್ ಸ್ಥಿತಿಯಲ್ಲಿರಿಸಿ ಒಂದೇ ಎಂಜಿನ್‌ನಿಂದ ಎಚ್‌ಎಎಲ್ ನಿಲ್ದಾಣಕ್ಕೆ ಹಿಂದಿರುಗುವುದು ಎರಡು ಎಂಜಿನ್‌ಗಳ ವಿಮಾನದಿಂದ ನಿರೀಕ್ಷಿಸಬಹುದಾದ ಸಾಮರ್ಥ್ಯ.

ಆದರೂ ಕಾಗದದಲ್ಲಿ ಒಂದು ವಿಧಾನ ಬರೆದಿದ್ದು, ಅದು ಸರಿಯೆಂದು ನಂಬಿ ಹಾರುತ್ತಿದ್ದವರಿಗೆ ಮೊದಲ ವೈಫಲ್ಯ ವಿಧಾನದ ದೋಷವೆಂದು ಹೊಳೆಯುವುದು ಎಷ್ಟು ಸಹಜ? ಇನ್ನೊಮ್ಮೆ ನೋಡೋಣ ಎನ್ನುವುದೇ ಮನುಷ್ಯ ಸ್ವಭಾವ. ಈ ಕಾರಣದಿಂದಲೇ ಪರೀಕ್ಷಾ ಹಾರಾಟಗಳಲ್ಲಿ ಎಷ್ಟು ಯತ್ನ, ಯಾವ ಎತ್ತರದವರೆಗೆ, ಯಾವ ವೇಗದವರೆಗೆ ಎಂಬ ಮಿತಿಗಳನ್ನು ನೆಲದ ಮೇಲಿರುವಾಗಲೇ ನಿಶ್ಚಯಿಸಿಕೊಳ್ಳುವ ಪದ್ಧತಿ ಬೆಳೆದಿದೆ. ವಿಮಾನದಿಂದ ಬರುವ ಅಂಕಿಗಳನ್ನು ತೆರೆಯ ಮೇಲೆ ನೋಡುತ್ತ ಕುಳಿತ ನಿರ್ದೇಶಕ ನಿಲ್ಲಿಸಿ ಎಂದರೆ ಚರ್ಚೆಯಿಲ್ಲದೆ ನಿಲ್ಲಿಸಬೇಕು. ಶೇಷಗಿರಿಹಳ್ಳಿಯ ಮೇಲಿನ ಆಕಾಶದಲ್ಲಿ ಈ ಕೊಂಡಿ ಕೆಲಸ ಮಾಡಲಿಲ್ಲ.

ಆನಂತರ

ಅಪಘಾತದ ನಂತರ ‘ಸರಸ್’ ಯೋಜನೆಗೆ ಗ್ರಹಣ ಹಿಡಿಯಿತು. ಉಳಿದಿದ್ದ ಮೊದಲ ಮಾದರಿ ನೆಲದಲ್ಲಿಯೇ ಉಳಿಯಿತು. ಹಣದ ಹರಿವು ನಿಂತಿತು. ಯೋಜನೆ ಮುಗಿದೇ ಹೋಯಿತೆಂಬ ಮಾತು ಸಂಸ್ಥೆಯ ಒಳಗೂ ಹೊರಗೂ ಕೇಳಿಬಂತು. ಒಂದು ತಪ್ಪು ವಿಧಾನದ ಬೆಲೆ ಮೂರು ಜೀವಗಳ ಜೊತೆಗೆ ಸುಮಾರು ಒಂಬತ್ತು ವರ್ಷಗಳ ವಿಳಂಬವೂ ಆಯಿತು. ಅಷ್ಟರಲ್ಲಿ ದೇಶದ ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ‘ಉಡಾನ್’ ಯೋಜನೆ 2017ರಲ್ಲಿ ಹಾರಾಟ ಆರಂಭಿಸಿಯೂ ಬಿಟ್ಟಿತು. ಅದಕ್ಕೆ ಬೇಕಾದ ವಿಮಾನಗಳು ಹೊರದೇಶಗಳಿಂದ ಬಂದವು.

ಮೊದಲ ಮಾದರಿಯನ್ನು ಎನ್‌ಎಎಲ್ ಮತ್ತೆ ಕೈಗೆತ್ತಿಕೊಂಡಿತು. ಎಂಜಿನ್‌ಗಳು 1,200 ಅಶ್ವಶಕ್ತಿಯವಾದವು, ಪ್ರೊಪೆಲ್ಲರ್ ವ್ಯವಸ್ಥೆ ಬದಲಾಯಿತು, ನಿಯಂತ್ರಣ ವ್ಯವಸ್ಥೆ ಸುಧಾರಣೆಗೊಂಡಿತು, ರಡರ್‌ನ ವಿಸ್ತೀರ್ಣವನ್ನು ಮರುಪರಿಶೀಲಿಸಲಾಯಿತು. ಹೀಗೆ ಮಾರ್ಪಟ್ಟ ವಿಮಾನ 2018ರ ಜನವರಿ 24ರಂದು ಎಚ್‌ಎಎಲ್ ನಿಲ್ದಾಣದಿಂದಲೇ ಮೇಲೇರಿ, ಸುಮಾರು ನಲವತ್ತು ನಿಮಿಷ ಹಾರಿ ಸುರಕ್ಷಿತವಾಗಿ ಇಳಿಯಿತು. ಮುಂದಿನ ತಿಂಗಳು ಎರಡನೆಯ ಹಾರಾಟವೂ ನಡೆಯಿತು. ಹತ್ತೊಂಬತ್ತು ಆಸನಗಳ ಮುಂದಿನ ರೂಪದ ಕೆಲಸಕ್ಕೆ ಈ ಹಾರಾಟಗಳೇ ತಳಪಾಯವಾದವು. 2018ರ ಜನವರಿಯ ಆ ದಿನ ವಿಮಾನವನ್ನು ಹಾರಿಸಿದವರು ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಶಾ ಮತ್ತು ಇಳಯರಾಜ ಅವರಿದ್ದ ಅದೇ ವಾಯುಪಡೆಯ ಪರೀಕ್ಷಾ ಸಂಸ್ಥೆಯ ಅಧಿಕಾರಿಗಳು.